ನೋವಿನ ಮಾತ್ರೆಯ ಪಕ್ಕದ ಮಾತ್ರೆ

ಮದುವೆಯಾಗದ ಹುಡುಗಿಯ ಎದೆಯಲ್ಲಿ ಹಾಲು ಬಂದರೆ ಮನೆಯವರ ತಲೆಗೆ ಮೊದಲು ಬರುವ ಯೋಚನೆ ಯಾವುದು? ನಾನು ಹೇಳೋದು ಬೇಡ, ನಿಮಗೆ ಗೊತ್ತಿದೆ. ಆ ಹುಡುಗಿಗೂ ಗೊತ್ತಿದೆ. ಅದಕ್ಕೇ ಅವಳು ಮನೆಯಲ್ಲಿ ಬಾಯಿ ಬಿಡುವುದಿಲ್ಲ. ಡಾಕ್ಟರ ಹತ್ತಿರವೂ ಹೋಗುವುದಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಮೊಬೈಲ್ ತೆಗೆದು ಹುಡುಕುತ್ತಾಳೆ.

ನನ್ನ ಊರು ಹೆಜಮಾಡಿ. ಉಡುಪಿ ಜಿಲ್ಲೆಯ ದಕ್ಷಿಣದ ತುದಿ. ಶಾಂಭವಿ ಹೊಳೆ ದಾಟಿದರೆ ಮೂಲ್ಕಿ, ಅದು ದಕ್ಷಿಣ ಕನ್ನಡ. ಹೆದ್ದಾರಿಯಲ್ಲಿ ಓಡಾಡುವವರಿಗೆ ನಮ್ಮೂರು ಅಂದರೆ ಟೋಲ್‌ಗೇಟ್, ಅಷ್ಟೇ. ಕಳೆದ ಸಲ ಊರಿಗೆ ಹೋಗಿದ್ದಾಗ ಚಿಕ್ಕಮ್ಮನ ಮಗಳು ನನ್ನನ್ನು ಮನೆಯ ಹಿಂದಿನ ಬಾವಿಕಟ್ಟೆಗೆ ಕರೆದುಕೊಂಡು ಹೋದಳು. ನಮ್ಮೊಳಗೆ ಮಾತು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. "ಅಕ್ಕ, ಒಂದು ಕೇಳ್ಲಿಕ್ಕುಂಟು. ಅಮ್ಮನತ್ರ ಹೇಳ್ಬೇಡ" ಅಂದಳು. ಮೂರು ತಿಂಗಳಿಂದ ತಲೆನೋವು. ಮೆಡಿಕಲ್‌ನಲ್ಲಿ ಕೇಳಿ ಐಬುಪ್ರೊಫೆನ್ ತಿನ್ನುತ್ತಿದ್ದಾಳೆ. ಈಗ ಬಟ್ಟೆಯಲ್ಲಿ ಹಾಲಿನ ಕಲೆ. ಎರಡು ತಿಂಗಳಿಂದ ಮುಟ್ಟೂ ನಿಂತಿದೆ. ಮೊಬೈಲ್‌ನಲ್ಲಿ ನೋಡಿದರೆ ಈ ಮಾತ್ರೆ ತಿಂದವರಲ್ಲಿ ಹಾಲು ಬಂದ ವರದಿಗಳಿವೆ ಅಂತ ಬರುತ್ತಿದೆ. "ಈ ನೋವಿನ ಮಾತ್ರೆಯಿಂದ ಹೀಗಾಗ್ತದಾ ಅಕ್ಕ?"

ನಾನು ಓದಿದ್ದು ಎಂಜಿನಿಯರಿಂಗ್, ಎಂಬಿಬಿಎಸ್ ಅಲ್ಲ. ಅದಕ್ಕೆ ರೋಗ ಯಾವುದು ಅಂತ ಹೇಳುವ ಗೋಜಿಗೆ ಹೋಗಲಿಲ್ಲ. ಆದರೆ 'ವರದಿಗಳಿವೆ' ಅಂದರೆ ಏನರ್ಥ ಅನ್ನೋದು ನನ್ನ ವಿಷಯವೇ. ದಿನಾ ಸ್ಟುಡಿಯೋದಲ್ಲಿ ಕೂತು ಮಾಡುವ ಕೆಲಸ ಅದೇ ತಾನೇ?

ಮೊದಲು ಆ ಮಾತ್ರೆಯ ಬಗ್ಗೆ. ಐಬುಪ್ರೊಫೆನ್ ಅನ್ನು ಇಂಗ್ಲೆಂಡಿನ ಬೂಟ್ಸ್ ಕಂಪನಿಯಲ್ಲಿ ಸ್ಟೂವರ್ಟ್ ಆಡಮ್ಸ್ ಮತ್ತು ಅವರ ಸಂಗಡಿಗರು ಕಂಡುಹಿಡಿದರು. 1969ರಲ್ಲಿ ಅಲ್ಲಿ ಡಾಕ್ಟರ ಚೀಟಿಯ ಮೇಲೆ ಮಾರಾಟ ಶುರುವಾಯಿತು, 1983ರಿಂದ ಚೀಟಿಯೂ ಬೇಡವಾಯಿತು. ನಮ್ಮಲ್ಲಿ ಬ್ರೂಫೆನ್ ಅಂದರೆ ಇದೇ. ಕಾಂಬಿಫ್ಲಾಮ್ ಅಂದರೆ ಇದರ ಜೊತೆ ಪ್ಯಾರಾಸಿಟಮಾಲ್. ಬೆನ್ನುನೋವು, ಹಲ್ಲುನೋವು, ಮುಟ್ಟಿನ ನೋವು, ಏನೇ ಇರಲಿ, ಜಗತ್ತಿನಲ್ಲಿ ಕೋಟಿ ಕೋಟಿ ಜನ ಇದನ್ನು ನುಂಗುತ್ತಾರೆ. ಈ 'ಕೋಟಿ ಕೋಟಿ' ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ವರದಿ. 1961ರ ಹೊತ್ತಿಗೆ ಥಾಲಿಡೊಮೈಡ್ ಎಂಬ ಮಾತ್ರೆಯ ದುರಂತ ಹೊರಬಿತ್ತು. ಗರ್ಭಿಣಿಯರು ತಿಂದ ಮಾತ್ರೆಯಿಂದ ಸಾವಿರಾರು ಮಕ್ಕಳು ಕೈಕಾಲು ಸರಿಯಾಗಿ ಬೆಳೆಯದೆ ಹುಟ್ಟಿದವು. ಮಾರುಕಟ್ಟೆಗೆ ಬಂದ ಮೇಲೂ ಔಷಧಿಯ ಮೇಲೆ ಕಣ್ಣಿಡಬೇಕು ಅಂತ ಜಗತ್ತಿಗೆ ಗೊತ್ತಾಗಿದ್ದು ಆಗ. ವಿಶ್ವ ಆರೋಗ್ಯ ಸಂಸ್ಥೆ 1968ರಲ್ಲಿ ಅಡ್ಡಪರಿಣಾಮಗಳ ವರದಿ ಸಂಗ್ರಹಿಸಲು ಶುರುಮಾಡಿತು. ಈಗ ಆ ಭಂಡಾರ ಸ್ವೀಡನ್ನಿನ ಉಪ್ಸಾಲಾದಲ್ಲಿದೆ, ಮೂರು ಕೋಟಿಗೂ ಹೆಚ್ಚು ವರದಿಗಳಿವೆ. ನಮ್ಮ ದೇಶದಲ್ಲಿ ಔಷಧ ಜಾಗೃತಿ ಕಾರ್ಯಕ್ರಮ ಈಗಿನ ರೂಪದಲ್ಲಿ ಶುರುವಾದದ್ದು 2010ರ ಜುಲೈನಲ್ಲಿ. 2011ರಿಂದ ಅದರ ಕೇಂದ್ರ ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್. ಕೆಳಗೆ ದೇಶದುದ್ದಕ್ಕೂ ಆಸ್ಪತ್ರೆಗಳಲ್ಲಿ ನಿಗಾ ಕೇಂದ್ರಗಳು. ನಮ್ಮ ಹತ್ತಿರದ್ದು ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿದೆ. ಮೈಸೂರಿನ ಜೆಎಸ್‌ಎಸ್‌ನಲ್ಲೂ ಇದೆ.

ಇಲ್ಲಿ ಒಂದು ವಿಷಯ ಸ್ಪಷ್ಟವಾಗಬೇಕು. ಈ ಭಂಡಾರಕ್ಕೆ ಹೋಗುವುದು ಅನುಮಾನ. 'ಈ ಮಾತ್ರೆ ತಿಂದೆ, ಆಮೇಲೆ ಹೀಗಾಯಿತು' ಅಂತ ಡಾಕ್ಟರ್ ಬರೆದು ಕಳಿಸಬಹುದು, ನರ್ಸ್ ಕಳಿಸಬಹುದು, ನೀವೂ ಕಳಿಸಬಹುದು. ಮಾತ್ರೆಯಿಂದಲೇ ಆಯಿತು ಎಂದು ಯಾರೂ ಸಾಬೀತು ಮಾಡಬೇಕಾಗಿಲ್ಲ. ಬೇಕಂತಲೇ ಹಾಗೆ ಇಟ್ಟಿದ್ದಾರೆ. ಸಾಬೀತಾದ ಮೇಲೆ ಕಳಿಸಿ ಅಂದರೆ ಥಾಲಿಡೊಮೈಡ್‌ನಂಥದ್ದು ಮತ್ತೆ ತಪ್ಪಿಸಿಕೊಂಡು ಹೋಗುತ್ತದೆ. ಪೊಲೀಸ್ ಠಾಣೆಯ ದೂರು ಇದ್ದ ಹಾಗೆ ಅಂದುಕೊಳ್ಳಿ. ಎಫ್‌ಐಆರ್‌ನಲ್ಲಿ ಹೆಸರು ಬಂದವನೆಲ್ಲ ಅಪರಾಧಿ ಆಗಿಬಿಟ್ಟರೆ ಕೋರ್ಟು ಯಾಕೆ ಬೇಕು ಹೇಳಿ?

ಹಾಗಾದರೆ ಅನುಮಾನಗಳ ರಾಶಿಯಿಂದ ನಿಜವನ್ನು ಹೆಕ್ಕುವುದು ಹೇಗೆ? ಲೆಕ್ಕ ಬಂತು, ಆದರೆ ಹೆದರಬೇಡಿ. ನಮ್ಮೂರ ಟೋಲ್‌ಗೇಟಿಗೇ ಬನ್ನಿ.

ಟೋಲ್‌ನಲ್ಲಿ ಒಂದು ದೂರಿನ ಪುಸ್ತಕ ಇಟ್ಟಿದ್ದಾರೆ ಅಂತ ಸುಮ್ಮನೆ ಅಂದುಕೊಳ್ಳಿ. ಟಯರ್ ಪಂಕ್ಚರ್ ಆದವರು 100 ಜನ ಬರೆದಿದ್ದಾರೆ. ಅದರಲ್ಲಿ 60 ಬಿಳಿ ಕಾರು. ಬಿಳಿ ಬಣ್ಣದಿಂದ ಪಂಕ್ಚರ್ ಆಗುತ್ತದಾ? ನಗಬೇಡಿ, 'ಮಾತ್ರೆ ತಿಂದ ಇಷ್ಟು ಜನರಿಗೆ ಹಾಲು ಬಂತು' ಅನ್ನುವ ಸುದ್ದಿಯ ಲೆಕ್ಕ ಇಷ್ಟೇ ಇರುತ್ತದೆ. ರಸ್ತೆಯಲ್ಲಿ ಓಡುವ ಕಾರುಗಳಲ್ಲಿ ಬಿಳಿಯವೇ ಹೆಚ್ಚಿದ್ದರೆ ದೂರುಗಳಲ್ಲೂ ಅವೇ ಹೆಚ್ಚಿರುತ್ತವೆ. ಕೋಟಿ ಕೋಟಿ ಜನ ನುಂಗುವ ಮಾತ್ರೆಯ ಹೆಸರು ಎಲ್ಲ ಬಗೆಯ ದೂರಿನಲ್ಲೂ ಸಿಕ್ಕೇ ಸಿಗುತ್ತದೆ.

ಒಟ್ಟು ಎಷ್ಟು ಜನ ಮಾತ್ರೆ ತಿಂದರು ಅನ್ನುವ ಲೆಕ್ಕ ಈ ಭಂಡಾರದಲ್ಲಿ ಇರುವುದಿಲ್ಲ. ಅದಕ್ಕೆ ತಜ್ಞರು ಒಂದು ಉಪಾಯ ಮಾಡುತ್ತಾರೆ. ಪಂಕ್ಚರ್ ದೂರಿನ ಜೊತೆ ಉಳಿದ ದೂರುಗಳನ್ನೂ ನೋಡುತ್ತಾರೆ. ಎಸಿ ಕೆಟ್ಟಿತು, ಬ್ಯಾಟರಿ ಹೋಯಿತು ಅನ್ನುವ ದೂರುಗಳಲ್ಲೂ ಬಿಳಿ ಕಾರು ನೂರಕ್ಕೆ 60 ಇದ್ದರೆ, ಪಂಕ್ಚರ್‌ನಲ್ಲಿ 60 ಇರುವುದು ವಿಶೇಷವೇನಲ್ಲ. ಬೇರೆ ದೂರುಗಳಲ್ಲಿ ಬರೀ 20 ಇದ್ದು, ಪಂಕ್ಚರ್‌ನಲ್ಲಿ ಮಾತ್ರ 60 ಇದ್ದರೆ? ಮೂರು ಪಟ್ಟು! ಆಗ ಕಿವಿ ನಿಮಿರಬೇಕು. ಔಷಧಿಯ ಲೆಕ್ಕದಲ್ಲೂ ಕನಿಷ್ಠ ಮೂರು ವರದಿ, ಎರಡು ಪಟ್ಟಿಗಿಂತ ಹೆಚ್ಚು ಅನುಪಾತ ಅಂತೆಲ್ಲ ಒಂದು ರೂಢಿಯ ಗೆರೆ ಇದೆ. ಗೆರೆ ದಾಟಿದ್ದಕ್ಕೆ 'ಸಿಗ್ನಲ್' ಅನ್ನುತ್ತಾರೆ. ಎಂಜಿನಿಯರಿಂಗ್‌ನಲ್ಲಿ ನಾವು ನಾಲ್ಕು ವರ್ಷ ಒದ್ದಾಡಿದ್ದೂ ಇದಕ್ಕೇ, ಗದ್ದಲದೊಳಗಿನ ಸಿಗ್ನಲ್ ಹುಡುಕೋದಕ್ಕೆ.

ಆದರೆ ಗೆರೆ ದಾಟಿದರೂ ಬಣ್ಣವೇ ಟಯರ್ ತೂತು ಮಾಡಿತು ಎಂದಾಗುವುದಿಲ್ಲ. ಬಿಳಿ ಕಾರುಗಳಲ್ಲಿ ಟ್ಯಾಕ್ಸಿಗಳು ಜಾಸ್ತಿ ಇರಬಹುದು, ಟ್ಯಾಕ್ಸಿ ದಿನಕ್ಕೆ 300 ಕಿಲೋಮೀಟರ್ ಓಡಬಹುದು. ಕಾರಣ ಬಣ್ಣದ ಹಿಂದೆ ಇದೆ. ಹಾಲಿನ ಕಥೆಯಲ್ಲೂ ನೋವಿನ ಮಾತ್ರೆಯ ಹಿಂದೆ, ಪಕ್ಕದಲ್ಲಿ, ಬೇರೆಯವರು ನಿಂತಿದ್ದಾರೆ.

ಸ್ವಲ್ಪ ದೇಹದೊಳಗೆ ಹೋಗಿ ಬರೋಣ. ಮಗುವಿಗೆ ಹಾಲೂಡಿಸದ ಹೊತ್ತಿನಲ್ಲಿ ಹಾಲು ಬರುವುದಕ್ಕೆ ಗ್ಯಾಲಕ್ಟೋರಿಯಾ ಅಂತ ಹೆಸರು. ಹೆಂಗಸರಲ್ಲೇ ಹೆಚ್ಚು, ಅಪರೂಪಕ್ಕೆ ಗಂಡಸರಲ್ಲೂ ಬರುತ್ತದೆ. ಹಾಲು ತಯಾರಿಸು ಅಂತ ಆಜ್ಞೆ ಕೊಡುವುದು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು. ಅದು ಹೊರಡುವುದು ಮೆದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ಗಾತ್ರದ ಪಿಟ್ಯುಟರಿ ಗ್ರಂಥಿಯಿಂದ. ಈ ಗ್ರಂಥಿಯ ಉಳಿದ ಹಾರ್ಮೋನುಗಳಿಗೆ ಮುಖ್ಯವಾಗಿ 'ಹೊರಡು' ಅಂತ ಮೇಲಿನಿಂದ ಆದೇಶ ಬರಬೇಕು. ಪ್ರೊಲ್ಯಾಕ್ಟಿನ್ ಮಾತ್ರ ತಲೆಕೆಳಗು. ಅದು ತಾನಾಗಿಯೇ ಹರಿಯಲು ತಯಾರಾಗಿ ನಿಂತಿರುತ್ತದೆ, ಅದನ್ನು ತಡೆದು ಇಡಬೇಕು. ನಮ್ಮ ಕರಾವಳಿಯ ಕಿಂಡಿ ಅಣೆಕಟ್ಟು ನೋಡಿದ್ದೀರಲ್ಲ? ಕಿಂಡಿಗೆ ಹಲಗೆ ಇಳಿಸಿದರೆ ನೀರು ನಿಲ್ಲುತ್ತದೆ. ಹಲಗೆ ಎತ್ತಿದರೆ ಯಾರ ಅಪ್ಪಣೆಯೂ ಬೇಡ, ಹರಿಯುತ್ತದೆ. ಇಲ್ಲಿ ಆ ಹಲಗೆಯ ಹೆಸರು ಡೋಪಮೈನ್.

ಐಬುಪ್ರೊಫೆನ್ ಕೆಲಸ ಮಾಡುವುದು ಬೇರೆ ಕಡೆ. ನೋವು, ಊತ ಉಂಟುಮಾಡುವ ಪ್ರೋಸ್ಟಗ್ಲ್ಯಾಂಡಿನ್ ಎಂಬ ವಸ್ತುಗಳು ತಯಾರಾಗದಂತೆ ಅದು ತಡೆಯುತ್ತದೆ. ಡೋಪಮೈನಿನ ಹಲಗೆಗೆ ಅದು ಕೈ ಹಾಕುತ್ತದೆ ಎಂದು ವೈದ್ಯಶಾಸ್ತ್ರ ಒಪ್ಪಿದ ದಾರಿ ಯಾವುದೂ ಇಲ್ಲ. ಪ್ಯಾರಾಸಿಟಮಾಲ್‌ಗೂ ಇದೇ ಮಾತು.

ಹಲಗೆ ಎತ್ತುವವರು ಯಾರು ಗೊತ್ತಾ? ನೋವಿನ ಮಾತ್ರೆ ಕೊಡುವಾಗ 'ಗ್ಯಾಸ್ ಆಗಬಾರದಲ್ಲ' ಅಂತ ಜೊತೆಗೆ ಕೊಡುತ್ತಾರಲ್ಲ, ಆ ಕ್ಯಾಪ್ಸೂಲ್!

ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗುವ ಗ್ಯಾಸಿನ ಕ್ಯಾಪ್ಸೂಲ್‌ಗಳು ನಮ್ಮ ದೇಶದಲ್ಲಿ ಬಹಳ ಸಲ ಜೋಡಿ ಔಷಧಿಗಳು. ಪ್ಯಾಂಟೊಪ್ರಜೋಲ್ ಅಥವಾ ರಾಬೆಪ್ರಜೋಲ್ ಆಮ್ಲ ಕಡಿಮೆ ಮಾಡಲಿಕ್ಕೆ, ಅದರ ಜೊತೆ ಡೊಂಪೆರಿಡೋನ್ ಅಥವಾ ಲೆವೊಸಲ್‌ಪಿರೈಡ್, ವಾಕರಿಕೆ ತಡೆದು ಹೊಟ್ಟೆಯಿಂದ ಆಹಾರ ಮುಂದೆ ತಳ್ಳಲಿಕ್ಕೆ. ಈ ಎರಡನೆಯ ಜಾತಿಯವು ಡೋಪಮೈನ್ ಕೂರುವ ಜಾಗದಲ್ಲಿ ತಾವು ಹೋಗಿ ಕೂರುತ್ತವೆ. ಡೊಂಪೆರಿಡೋನ್ ಮೆದುಳಿನೊಳಗೆ ಅಷ್ಟಾಗಿ ನುಗ್ಗುವುದಿಲ್ಲ, ರಕ್ತ ಮತ್ತು ಮೆದುಳಿನ ನಡುವೆ ಒಂದು ತಡೆಗೋಡೆ ಇದೆ. ಆದರೆ ಪಿಟ್ಯುಟರಿ ಇರುವುದು ಆ ಗೋಡೆಯ ಹೊರಗೆ. ಹಲಗೆ ಮೇಲೆದ್ದಿತು, ಪ್ರೊಲ್ಯಾಕ್ಟಿನ್ ಹರಿಯಿತು, ಮುಟ್ಟು ತಪ್ಪಿತು, ಹಾಲು ಬಂತು. ಇದರಲ್ಲಿ ಗುಟ್ಟೇನೂ ಇಲ್ಲ, ಡೊಂಪೆರಿಡೋನ್ ಜೊತೆ ಬರುವ ಮಾಹಿತಿ ಚೀಟಿಯಲ್ಲೇ ಅಡ್ಡಪರಿಣಾಮ ಅಂತ ಬರೆದಿರುತ್ತದೆ. ಆ ಚೀಟಿ ಓದುವವರು ಯಾರು? ಬಿಡಿಬಿಡಿಯಾಗಿ ನಾಲ್ಕು ಮಾತ್ರೆ ಕತ್ತರಿಸಿ ಕೊಡುವ ನಮ್ಮ ಕಡೆ ಆ ಚೀಟಿ ಕೈಗೆ ಸಿಗುವುದೇ ಇಲ್ಲ. ಎಷ್ಟೋ ಸಲ ಹೆಸರು ಅಚ್ಚಾಗಿರುವ ತುಂಡೂ ಅಂಗಡಿಯಲ್ಲೇ ಉಳಿಯುತ್ತದೆ.

ಕೆಲವು ದೇಶಗಳಲ್ಲಿ ಬಾಣಂತಿಗೆ ಹಾಲು ಹೆಚ್ಚಿಸಲಿಕ್ಕೇ ಡೊಂಪೆರಿಡೋನ್ ಕೊಡುವ ರೂಢಿ ಬೆಳೆದಿತ್ತು. 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದರ ವಿರುದ್ಧ ಎಚ್ಚರಿಕೆ ಕೊಟ್ಟಿತು, ಕಾರಣ ಹೃದಯದ ಬಡಿತ ಏರುಪೇರಾಗುವ ಅಪಾಯ. 2014ರಲ್ಲಿ ಯುರೋಪು ಕೂಡ ಮಿತಿ ಹಾಕಿತು, ದೊಡ್ಡವರಿಗೆ 10 ಮಿಲಿಗ್ರಾಂ, ದಿನಕ್ಕೆ ಹೆಚ್ಚೆಂದರೆ ಮೂರು ಸಲ, ಸಾಮಾನ್ಯವಾಗಿ ಒಂದು ವಾರ ಮೀರಬಾರದು. ನಮ್ಮಲ್ಲಿ? 'ಗ್ಯಾಸ್ಟ್ರಿಕ್ ಉಂಟು' ಅಂತ ವರ್ಷಗಟ್ಟಲೆ ತಿನ್ನುವವರನ್ನು ನಾನು ನೋಡಿದ್ದೇನೆ. ನೀವೂ ನೋಡಿರುತ್ತೀರಿ.

ಗುರುತು ಹಿಡಿಯುವುದು ಹೇಗೆ ಅಂದರೆ, ಗ್ಯಾಸಿನ ಮಾತ್ರೆಯ ಹೆಸರಿನ ಕೊನೆಗೆ 'ಡಿ' ಅಥವಾ 'ಡಿಎಸ್‌ಆರ್' ಇದ್ದರೆ ಬಹಳ ಸಲ ಅದು ಡೊಂಪೆರಿಡೋನ್. 'ಎಲ್' ಇದ್ದರೆ ಬಹಳ ಸಲ ಲೆವೊಸಲ್‌ಪಿರೈಡ್. ದೊಡ್ಡ ಅಕ್ಷರದ ಬ್ರ್ಯಾಂಡ್ ಹೆಸರು ಬಿಟ್ಟು ಅದರ ಸುತ್ತಮುತ್ತ ಸಣ್ಣ ಅಕ್ಷರದಲ್ಲಿರುವುದನ್ನು ಓದಿ. ಇನ್ನೂ ಒಂದು ವಿಚಿತ್ರ ಇದೆ. ಮೈಗ್ರೇನಿಗೆ ಅಂತ ಬರುವ ಕೆಲವು ಮಾತ್ರೆಗಳಲ್ಲಿ ನ್ಯಾಪ್ರಾಕ್ಸೆನ್ ಎಂಬ ನೋವುನಿವಾರಕ ಮತ್ತು ಡೊಂಪೆರಿಡೋನ್ ಒಂದರೊಳಗೇ ಇರುತ್ತವೆ. ಪ್ಯಾರಾಸಿಟಮಾಲ್ ಮತ್ತು ಡೊಂಪೆರಿಡೋನ್ ಸೇರಿಸಿದ್ದೂ ಇದೆ. ತಿನ್ನುವವರ ಲೆಕ್ಕದಲ್ಲಿ ಅದು 'ತಲೆನೋವಿನ ಮಾತ್ರೆ', ಅಷ್ಟೇ. ವರದಿ ಬರೆಯುವಾಗಲೂ ಹಾಗೇ ಬರೆದರೆ ದೂರು ಯಾರ ಹೆಸರಿಗೆ ಹೋಗುತ್ತದೆ ಯೋಚಿಸಿ.

ನೋವಿನ ಮಾತ್ರೆಗಳ ಪೈಕಿ ನಿಜವಾಗಿ ಪ್ರೊಲ್ಯಾಕ್ಟಿನ್ ಏರಿಸಬಲ್ಲ ಒಂದು ಗುಂಪು ಇದೆ, ಅಫೀಮಿನ ಜಾತಿಯದು. ಮಾರ್ಫಿನ್ ಅಂಥದ್ದು. ಟ್ರಮಡಾಲ್ ಕೂಡ ಇದೇ ಕುಲ. ಪ್ಯಾರಾಸಿಟಮಾಲ್ ಜೊತೆ ಸೇರಿಸಿ ಮೂಳೆನೋವಿಗೆ ಕೊಡುತ್ತಾರಲ್ಲ, ಅದರಲ್ಲಿ ಇರುವುದು ಇದೇ. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರಕಾರ ಇದನ್ನು ಮಾದಕ ವಸ್ತುಗಳ ಕಾಯಿದೆಯ ವ್ಯಾಪ್ತಿಗೆ ತಂದಿದೆ. ಹಾಲೂಡಿಸುವ ತಾಯಂದಿರು ಟ್ರಮಡಾಲ್, ಕೊಡೀನ್ ತೆಗೆದುಕೊಳ್ಳಬಾರದು ಅಂತ 2017ರಲ್ಲಿ ಅಮೆರಿಕದ ಸಂಸ್ಥೆ ಹೇಳಿದೆ, ಅದು ಹಾಲಿನ ಮೂಲಕ ಮಗುವಿನ ಉಸಿರಾಟಕ್ಕೆ ತೊಂದರೆ ಕೊಡಬಹುದು ಅಂತ. ಐಬುಪ್ರೊಫೆನ್ ವಿಷಯ ಹಾಗಲ್ಲ. ಅದು ಹಾಲಿಗೆ ಇಳಿಯುವುದು ತೀರಾ ಕಡಿಮೆ. ಬಾಣಂತಿಯ ನೋವಿಗೆ ಡಾಕ್ಟರುಗಳು ಮೊದಲು ಯೋಚಿಸುವ ಮಾತ್ರೆಗಳಲ್ಲಿ ಅದೂ ಪ್ಯಾರಾಸಿಟಮಾಲೂ ಇವೆ. ಮೊಬೈಲ್‌ನಲ್ಲಿ ಏನೋ ಓದಿ, ಸಿಸೇರಿಯನ್ ಆದ ಮಗಳಿಗೆ ಡಾಕ್ಟರ್ ಕೊಟ್ಟ ಮಾತ್ರೆ ಕಸಿದು ನೋವು ತಿನ್ನಿಸಬೇಡಿ. ಹಾಗಂತ ಐಬುಪ್ರೊಫೆನ್‌ಗೆ ನಾನು ಸರ್ಟಿಫಿಕೇಟ್ ಕೊಡುತ್ತಿಲ್ಲ. ಹೊಟ್ಟೆಯ ಹುಣ್ಣು, ಕಿಡ್ನಿಯ ತೊಂದರೆ ಅದರ ನಿಜವಾದ ಅಪಾಯಗಳು. ಮಳೆಗಾಲದ ಜ್ವರ ಡೆಂಗಿ ಆಗಿರಬಹುದಾದರೆ ಅದನ್ನು ಮುಟ್ಟಲೇಬಾರದು, ರಕ್ತಸ್ರಾವ ಹೆಚ್ಚುತ್ತದೆ.

ಈಗ ನನ್ನನ್ನು ಹೆಚ್ಚು ಹೆದರಿಸುವ ಭಾಗ. ಪಕ್ಕದಲ್ಲಿ ನಿಂತವರನ್ನು ನೋಡಿದೆವು, ಹಿಂದೆ ನಿಂತವರು ಯಾರು?

ಆ ಹುಡುಗಿ ನೋವಿನ ಮಾತ್ರೆ ಯಾಕೆ ತಿಂದಳು? ತಲೆನೋವು ಅಂತ. ತಲೆನೋವು ಯಾಕೆ ಬಂತು? ಪಿಟ್ಯುಟರಿಯಲ್ಲಿ ಒಂದು ಗಡ್ಡೆ ಇದ್ದರೆ ತಲೆನೋವೂ ಬರಬಹುದು, ಹಾಲೂ ಬರಬಹುದು. ಪ್ರೊಲ್ಯಾಕ್ಟಿನೋಮ ಅಂತ ಅದರ ಹೆಸರು. ಮೊದಲು ತಲೆನೋವು, ಅದಕ್ಕೆ ಮಾತ್ರೆ, ಆಮೇಲೆ ಹಾಲು. ಹೊರಗಿನಿಂದ ನೋಡಿದವರಿಗೆ ಮಾತ್ರೆ ತಿಂದ ಮೇಲೆ ಹಾಲು ಬಂತು ಅಂತ ಕಾಣುತ್ತದೆ. ವರದಿಯಲ್ಲೂ ಹಾಗೇ ದಾಖಲಾಗುತ್ತದೆ. ಅವಳು ಮಾತ್ರೆಗೆ ಬೈದು, ಮಾತ್ರೆ ಬಿಟ್ಟು, ಕಾಯುತ್ತಾ ಕೂತರೆ ಗಡ್ಡೆ ಬೆಳೆಯುತ್ತದೆ. ದೊಡ್ಡದಾದರೆ ಕಣ್ಣಿನ ನರವನ್ನು ಒತ್ತುತ್ತದೆ, ಬದಿಯ ದೃಷ್ಟಿ ಹೋಗುತ್ತದೆ. ಎದುರಿನದು ಕಾಣುತ್ತದೆ, ಪಕ್ಕದಿಂದ ಬರುವ ಬಸ್ಸು ಕಾಣುವುದಿಲ್ಲ. ಹೆದ್ದಾರಿ ದಾಟುವ ಊರಿನವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಗಡ್ಡೆ ಅಂದ ಕೂಡಲೇ ಕ್ಯಾನ್ಸರ್ ಅಂತ ಕೂಗಬೇಡಿ. ಇವು ಬಹುತೇಕ ಕ್ಯಾನ್ಸರ್ ಅಲ್ಲ. ಬಹುಪಾಲು ಜನರಿಗೆ ಆಪರೇಷನ್ನೂ ಬೇಡ. ಕ್ಯಾಬರ್ಗೊಲಿನ್ ಎಂಬ ಮಾತ್ರೆ ಡೋಪಮೈನಿನ ಕೆಲಸ ತಾನು ಮಾಡುತ್ತದೆ, ಹಲಗೆ ಮತ್ತೆ ಕೆಳಗಿಳಿಯುತ್ತದೆ, ಗಡ್ಡೆಯೂ ಕುಗ್ಗುತ್ತದೆ. ಆದರೆ ಅದಕ್ಕೆ ಮೊದಲು ಯಾರಾದರೂ ಪತ್ತೆ ಹಚ್ಚಬೇಕಲ್ಲ? ಥೈರಾಯ್ಡ್ ಕಡಿಮೆಯಾದರೂ ಹಾಲು ಬರಬಹುದು. ಎದೆಯ ಭಾಗಕ್ಕೆ ಸರ್ಪಸುತ್ತು ಬಂದರೂ ಬರಬಹುದು. ಮಾನಸಿಕ ಕಾಯಿಲೆಗೆ ಕೊಡುವ ರಿಸ್ಪೆರಿಡೋನ್‌ನಂಥ ಔಷಧಿಗಳಿಂದಲೂ ಬರುತ್ತದೆ. ಅಂಥವರು ಹೆದರಿ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು, ಕೊಟ್ಟ ಡಾಕ್ಟರಿಗೇ ಹೇಳಿದರೆ ಬದಲಿ ದಾರಿ ಇರುತ್ತದೆ.

ತಂಗಿಗೆ ನಾನು ಹೇಳಿದ್ದು ಇಷ್ಟೇ. ಮನೆಯಲ್ಲಿರುವ ಎಲ್ಲ ಮಾತ್ರೆಯ ಸ್ಟ್ರಿಪ್ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕು, ಚೀಲದ ಸಮೇತ ಡಾಕ್ಟರ ಹತ್ತಿರ ಹೋಗುವ. ಹೋದೆವು. ಮೊದಲು ಗರ್ಭ ಪರೀಕ್ಷೆ ಮಾಡಿಸಿ ಅಂದರು. ಅವಳ ಮುಖ ಸಪ್ಪೆಯಾಯಿತು. ಹೆಣ್ಣುಮಕ್ಕಳ ತಂದೆತಾಯಿಗೆ ಇದನ್ನು ಹೇಳಲೇಬೇಕು, ಇದು ಅವಮಾನವಲ್ಲ. ಮುಟ್ಟು ನಿಂತು ಹಾಲು ಬಂದ ಯಾವ ಹೆಣ್ಣಿಗಾದರೂ ಮೊದಲು ಮಾಡುವ ಪರೀಕ್ಷೆ ಇದು, ಮದುವೆಯಾಗಿದೆಯಾ ಇಲ್ಲವಾ ಅನ್ನುವ ಪ್ರಶ್ನೆ ಅಲ್ಲಿಲ್ಲ. ಆಮೇಲೆ ಥೈರಾಯ್ಡ್, ಆಮೇಲೆ ಪ್ರೊಲ್ಯಾಕ್ಟಿನ್. ಬಸುರಿಯಲ್ಲದ ಹೆಂಗಸರಲ್ಲಿ ಪ್ರೊಲ್ಯಾಕ್ಟಿನ್ ಸಾಮಾನ್ಯವಾಗಿ ಮಿಲಿಲೀಟರಿಗೆ 25 ನ್ಯಾನೊಗ್ರಾಂ ಒಳಗೆ ಇರಬೇಕು. ಔಷಧಿಯಿಂದ ಏರಿದ್ದಾದರೆ ಬಹಳ ಸಲ 100ರ ಒಳಗೆ ನಿಲ್ಲುತ್ತದೆ, 250 ದಾಟಿದರೆ ಗಡ್ಡೆಯ ಅನುಮಾನ ಬಲವಾಗುತ್ತದೆ. ಅವಳದು 25ಕ್ಕಿಂತ ಹೆಚ್ಚಿತ್ತು, 100 ಮುಟ್ಟಿರಲಿಲ್ಲ. ಡಾಕ್ಟರು ಚೀಲದಿಂದ ಒಂದೊಂದೇ ಸ್ಟ್ರಿಪ್ ಹೊರತೆಗೆದು ಓದಿದರು. ಐಬುಪ್ರೊಫೆನ್ ಪಕ್ಕಕ್ಕಿಟ್ಟು, ಮೆಡಿಕಲ್‌ನವನು 'ಹೊಟ್ಟೆಗೆ ಒಳ್ಳೆಯದು' ಅಂತ ಕೊಟ್ಟಿದ್ದ ಕ್ಯಾಪ್ಸೂಲ್ ಎತ್ತಿ ತೋರಿಸಿದರು. ಕೊನೆಯ ಅಕ್ಷರ ಡಿ. ಅದನ್ನು ನಿಲ್ಲಿಸಿ ಕೆಲವು ದಿನ ಬಿಟ್ಟು ಮತ್ತೆ ರಕ್ತ ಪರೀಕ್ಷೆ ಮಾಡಿದಾಗ ಪ್ರೊಲ್ಯಾಕ್ಟಿನ್ ಇಳಿದಿತ್ತು. ಇಳಿಯದಿದ್ದರೆ ತಲೆಯ ಎಂಆರ್‌ಐ ಮಾಡಿಸಬೇಕಿತ್ತು. ತಲೆನೋವು ಮೈಗ್ರೇನ್ ಅಂತ ಆಯಿತು, ಅದಕ್ಕೆ ಬೇರೆ ಚಿಕಿತ್ಸೆ ನಡೆದಿದೆ. ಹಾಲಿನ ಬದಲು ರಕ್ತ ಬಂದರೆ, ಒಂದೇ ಕಡೆಯಿಂದ ಬಂದರೆ, ಗಂಟು ಸಿಕ್ಕಿದರೆ ಈ ದಾರಿಯೇ ಬೇರೆ, ತಡಮಾಡದೆ ಸ್ತನದ ಪರೀಕ್ಷೆ ಆಗಬೇಕು.

'ವರದಿಗಳನ್ನೆಲ್ಲ ನಂಬಬಾರದಾ ಹಾಗಾದರೆ?' ಅಂತ ನೀವು ಕೇಳಬಹುದು. 2023ರ ನವೆಂಬರ್ 30ರಂದು ಗಾಜಿಯಾಬಾದಿನಿಂದ ಒಂದು ಎಚ್ಚರಿಕೆ ಬಂತು, ನೆನಪಿದೆಯಾ? ಮೆಫೆನಾಮಿಕ್ ಆಸಿಡ್, ಅಂದರೆ ಹುಡುಗಿಯರು ಮುಟ್ಟಿನ ನೋವಿಗೆ ನುಂಗುವ ಮಾತ್ರೆ. ಅದರಿಂದ ಡ್ರೆಸ್ ಸಿಂಡ್ರೋಮ್ ಎಂಬ ಗಂಭೀರ ಅಲರ್ಜಿ ಬರಬಹುದು, ಚರ್ಮದ ದದ್ದು, ಜ್ವರ, ಒಳಗಿನ ಅಂಗಗಳಿಗೂ ಪೆಟ್ಟು ಅಂತ. ಆ ಡಿಸೆಂಬರ್‌ನಲ್ಲಿ ಎಲ್ಲ ಚಾನೆಲ್‌ಗಳಲ್ಲೂ ಅದೇ ಸುದ್ದಿ. ಆ ಎಚ್ಚರಿಕೆ ಹುಟ್ಟಿದ್ದು ಇಂಥ ವರದಿಗಳನ್ನು ಜರಡಿ ಹಿಡಿದೇ. ಯಾರೋ ಒಬ್ಬ ಡಾಕ್ಟರು, ಯಾರೋ ಒಬ್ಬ ರೋಗಿ ಸಮಯ ಮಾಡಿಕೊಂಡು ಅರ್ಜಿ ತುಂಬಿದ್ದರಿಂದ. ತುಂಬಿದ ಪ್ರತಿ ಅರ್ಜಿಯನ್ನೂ ತಜ್ಞರು ಓದಿ ತೂಕ ಹಾಕುತ್ತಾರೆ. ಖಚಿತ, ಸಂಭಾವ್ಯ, ಸಾಧ್ಯ, ಅಸಂಭವ ಅಂತ ದರ್ಜೆಗಳಿವೆ. ಮಾತ್ರೆ ನಿಲ್ಲಿಸಿದಾಗ ತೊಂದರೆ ಇಳಿಯಿತಾ, ಬೇರೆ ಕಾಯಿಲೆಯಿಂದ ಆಗಿರಬಹುದಾ ಅಂತ ನೋಡಿ ದರ್ಜೆ ಕೊಡುತ್ತಾರೆ. 'ಸಾಧ್ಯ' ಅನ್ನುವುದು ಕೆಳಗಿನಿಂದ ಎರಡನೆಯ ಮೆಟ್ಟಿಲು. ಸಮಯ ಹೊಂದುತ್ತದೆ, ಆದರೆ ಬೇರೆ ಕಾರಣವೂ ಇರಬಹುದು ಅನ್ನುವುದಷ್ಟೇ ಅದರ ಅರ್ಥ. ನಮ್ಮ ಟಿವಿ ಪರದೆಯ ಕೆಳಗೆ ಓಡುವ ಕೆಂಪು ಪಟ್ಟಿಯಲ್ಲಿ 'ನಂಟು ಸಾಧ್ಯ' ಅಂತ ಬಂದಾಗ ನೋಡುವವರ ಕಿವಿಗೆ ಅದು 'ನಂಟು ಪತ್ತೆ' ಅಂತ ಕೇಳಿಸುತ್ತದೆ.

ನೀವೂ ವರದಿ ಕಳಿಸಬಹುದು. 1800-180-3024, ಶುಲ್ಕವಿಲ್ಲದ ಸಂಖ್ಯೆ, ಕೆಲಸದ ದಿನಗಳಲ್ಲಿ ಹಗಲು ಹೊತ್ತು ಎತ್ತುತ್ತಾರೆ. ರೋಗಿಗಳೇ ತುಂಬುವ ಅರ್ಜಿ ಕನ್ನಡದಲ್ಲೂ ಇದೆ. ನಮ್ಮ ಕಡೆಯವರು ಮಣಿಪಾಲಕ್ಕೆ ಹೋದಾಗ ಕೇಂದ್ರದಲ್ಲೇ ಕೊಡಬಹುದು. ಅನುಮಾನ ಪಟ್ಟ ಮಾತ್ರೆಯ ಹೆಸರು, ಶುರುಮಾಡಿದ ದಿನ, ನಿಲ್ಲಿಸಿದ ದಿನ, ತೊಂದರೆ ಶುರುವಾದ ದಿನ ಇಷ್ಟು ಬೇಕು. ಅದರ ಜೊತೆ ಆಗ ತೆಗೆದುಕೊಳ್ಳುತ್ತಿದ್ದ ಬೇರೆ ಔಷಧಿಗಳನ್ನೂ ಬರೆಯಬೇಕು. ಜನ ಸಾಮಾನ್ಯವಾಗಿ ಅದನ್ನು ಬಿಟ್ಟುಬಿಡುತ್ತಾರೆ, 'ಬೇರೆ ಎಂತದೂ ಇಲ್ಲ, ಒಂದು ಗ್ಯಾಸಿನ ಮಾತ್ರೆ ಅಷ್ಟೇ' ಅಂತ. ಗ್ಯಾಸಿನ ಮಾತ್ರೆಯ ಹೆಸರನ್ನು ಕೊನೆಯ ಅಕ್ಷರದ ಸಮೇತ ಅಲ್ಲಿ ಬರೆಯಿರಿ. ಆಯುರ್ವೇದದ್ದು, ನಾಟಿ ಮದ್ದು ಏನಾದರೂ ಇದ್ದರೆ ಅದನ್ನೂ.